ಎಡದಿಂದ ಬಲಕ್ಕೆ, ನಿಂತವರು

ಹೊಸದಾಗಿ ಮದುವೆಯಾದವರ ಮನೆಗೆ ಹೋದರೆ ಕಾಫಿಯ ಹಿಂದೆಯೇ ಆಲ್ಬಂ ಬರುತ್ತಿದ್ದ ಕಾಲವೊಂದಿತ್ತು. ಕಾಫಿಯನ್ನಾದರೂ ‘ಈಗ ತಾನೇ ಆಯ್ತು’ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆಲ್ಬಂ ಮುಂದೆ ಆ ಮಾತು ನಡೆಯುತ್ತಿರಲಿಲ್ಲ. ‘ಇನ್ನೊಂದ್ಸಲ ನೋಡಿದ್ರೆ ಏನಾಯ್ತು’ ಎಂದು ತೊಡೆಯ ಮೇಲೆ ಇಟ್ಟೇಬಿಡುತ್ತಿದ್ದರು. ದಪ್ಪ ರಟ್ಟು, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ, ಒಳಗೆ ಕಪ್ಪು ಹಾಳೆ, ಎರಡು ಹಾಳೆಯ ನಡುವೆ ಜೇಡರ ಬಲೆಯ ಅಚ್ಚಿದ್ದ ತೆಳು ಕಾಗದ. ಆ ಕಾಗದ ಸರಿಸುವಾಗಿನ ಸರಸರ ಸದ್ದಿನಲ್ಲೇ ಅರ್ಧ ಸಂಭ್ರಮ. ಆಮೇಲೆ ಮನೆಯಾಕೆಯ ಬೆರಳು ಒಂದೊಂದು ಮುಖದ ಮೇಲೂ ತಂಗುತ್ತ ಹೊರಡುತ್ತಿತ್ತು. ‘ಇವರು ನಮ್ಮ ಭಾವನವರ ಷಡ್ಡಕ. ಇವರ ಹಿಂದೆ ಅರ್ಧ ತಲೆ ಕಾಣ್ತಿದೆಯಲ್ಲ, ಅವರೇ ಶಿವಮೊಗ್ಗದ ಅತ್ತೆ. ಮೊದಲ ಪಂಕ್ತಿಯಲ್ಲಿ ಎಲೆ ಸಿಗಲಿಲ್ಲ ಅಂತ ಸಿಟ್ಟು ಮಾಡ್ಕೊಂಡು ಹೊರಟೇಬಿಟ್ಟಿದ್ದರು, ಕೈ ಹಿಡಿದು ಕರ್ಕೊಂಡು ಬಂದು ನಿಲ್ಲಿಸಿದ್ದು.’ ನಾವು ‘ಹೌದಾ’ ಎನ್ನುತ್ತಿದ್ದೆವು. ಆ ಅರ್ಧ ತಲೆಯಲ್ಲಿ ನಮಗೆ ಸಿಟ್ಟೂ ಕಂಡಿರಲಿಲ್ಲ, ಶಿವಮೊಗ್ಗವೂ ಕಂಡಿರಲಿಲ್ಲ. ಹೇಳಿದ ಮೇಲೆ ಎರಡೂ ಕಾಣತೊಡಗುತ್ತಿದ್ದವು.

ಒಂದು ಚಿತ್ರ ಸಾವಿರ ಮಾತಿಗೆ ಸಮ ಎನ್ನುವವರನ್ನು ನಾನು ಕೇಳುವುದು ಇಷ್ಟೇ: ಆ ಸಾವಿರ ಮಾತನ್ನು ಆಡಿದವರು ಯಾರು? ನಾನು ಕಂಡಂತೆ ಫೋಟೊ ತಾನಾಗಿ ಕಥೆ ಹೇಳುವುದು ಕಡಿಮೆ. ಅದು ಹೇಳಿಸುತ್ತದೆ. ಎದುರಿಗೆ ಒಬ್ಬ ಅತ್ತೆಯೋ ಚಿಕ್ಕಪ್ಪನೋ ಕೂತಿದ್ದರೆ ಮೂರಿಂಚು ಕಾಗದ ಒಂದು ಸಂಜೆಯನ್ನೇ ನುಂಗಿಬಿಡಬಲ್ಲದು. ಅವರು ಎದ್ದು ಹೋದರೋ, ಉಳಿಯುವುದು ಅರ್ಧ ತಲೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮೊಗ್ಗಿನ ಜಡೆಯ ಫೋಟೊ ಒಂದಾದರೂ ಇದ್ದೇ ಇರುತ್ತದೆ. ಮಲ್ಲಿಗೆಯ ಕಾಲ ಬಂದರೆ ಹೆಣ್ಣುಮಕ್ಕಳನ್ನು ಕೂರಿಸಿ, ಜಡೆಯ ಉದ್ದಕ್ಕೂ ಮೊಗ್ಗು ಹೊಲಿದು, ಇರುವ ಒಡವೆಯನ್ನೆಲ್ಲ ಹೇರಿ ಸ್ಟುಡಿಯೊಗೆ ಕರೆದೊಯ್ಯುತ್ತಿದ್ದರು. ಅದಕ್ಕೊಂದು ಆತುರ. ಸಂಜೆಯಾದರೆ ಮೊಗ್ಗು ಬಿರಿಯುತ್ತದೆ, ಬಿರಿದರೆ ಜಡೆಯ ಅಂದ ಹೋಯಿತು. ಸ್ಟುಡಿಯೊದಲ್ಲಿ ಇನ್ನೊಂದು ಪೇಚು. ಜಡೆ ಇರುವುದು ಬೆನ್ನಿನ ಮೇಲೆ, ಮುಖ ಇರುವುದು ಮುಂದೆ. ಮುಖ ಬಂದರೆ ಇಷ್ಟು ಹೊತ್ತು ಹೊಲಿದದ್ದು ದಂಡ, ಜಡೆ ಬಂದರೆ ಹುಡುಗಿ ಯಾರ ಮನೆಯವಳೋ ತಿಳಿಯುವುದಿಲ್ಲ. ಅದಕ್ಕೇ ಹಿಂದೆ ಒಂದು ನಿಲುವುಗನ್ನಡಿ. ಹುಡುಗಿ ಮುಂದಕ್ಕೆ ನೋಡುತ್ತಾಳೆ, ಜಡೆ ಕನ್ನಡಿಯಲ್ಲಿ ಬೀಳುತ್ತದೆ. ಈ ಉಪಾಯವನ್ನು ಮೊದಲು ಹೊಳೆಯಿಸಿಕೊಂಡ ಸ್ಟುಡಿಯೊದವನ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಇರಬೇಕಿತ್ತು. ಒಬ್ಬಳ ಮುಖವನ್ನೂ ಬೆನ್ನನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸುವುದಕ್ಕೆ ದೊಡ್ಡ ದೊಡ್ಡ ಚಿತ್ರಕಾರರು ಒದ್ದಾಡಿದ್ದಾರೆ.

ನನ್ನ ಸೋದರತ್ತೆಯದೂ ಅಂಥದ್ದೊಂದು ಫೋಟೊ ಇತ್ತು. ತೋಳಿಗೆ ವಂಕಿ, ಸೊಂಟಕ್ಕೆ ಡಾಬು, ಹಿಂದೆ ಕನ್ನಡಿಯಲ್ಲಿ ಜಡೆ, ಅದರ ಪಕ್ಕ ಪರದೆಯ ಮೇಲೆ ಬಳಿದ ಅರಮನೆಯ ಮೆಟ್ಟಿಲು. ಎಲ್ಲ ಸರಿಯಾಗಿದೆ, ಕಣ್ಣೊಂದು ಬಿಟ್ಟು. ಅದು ಕ್ಯಾಮೆರಾವನ್ನು ನೋಡುತ್ತಿಲ್ಲ. ಒಂಚೂರು ಎಡಕ್ಕೆ, ನಮಗೆ ಕಾಣದ ಏನನ್ನೋ ನೋಡುತ್ತಿದೆ. ನಾಚಿಕೆಯೆನ್ನಿ, ಹೆದರಿಕೆಯೆನ್ನಿ, ಎರಡೂ ಒಪ್ಪುತ್ತದೆ. ಯಾರಾದರೂ ವಿಮರ್ಶಕರ ಕೈಗೆ ಸಿಕ್ಕಿದ್ದರೆ ಹೊಸ್ತಿಲಲ್ಲಿ ನಿಂತ ಹೆಣ್ಣಿನ ತಳಮಳದ ಬಗ್ಗೆ ಎರಡು ಪುಟ ಬರೆಯುತ್ತಿದ್ದರು. ಅತ್ತೆಯನ್ನು ಕೇಳಿದರೆ, ‘ತಳಮಳವೇ ಕಣೋ. ವಂಕಿ, ಡಾಬು ಎರಡೂ ಪಕ್ಕದ ಮನೆಯವರದು. ಆಕೆ ಕ್ಯಾಮೆರಾ ಪಕ್ಕದಲ್ಲೇ ನಿಂತು ನನ್ನ ಸೊಂಟವನ್ನೇ ನೋಡ್ತಿದ್ದಳು, ಎಲ್ಲಿ ಕೊಂಡಿ ಕಳಚಿ ಬೀಳುತ್ತೋ ಅಂತ’ ಎಂದರು. ಇನ್ನೊಂದು ಸಲ ಅದೇ ಕಣ್ಣಿಗೆ ಅವರು ಕೊಟ್ಟ ಕಾರಣ ಬೇರೆ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲವಂತೆ, ಎದುರಿನ ಹೋಟೆಲಿನಲ್ಲಿ ಬೋಂಡ ಕರಿಯುತ್ತಿದ್ದರಂತೆ. ತೀರಾ ವಯಸ್ಸಾದ ಮೇಲೆ, ಯಾರೂ ಕೇಳದೆಯೇ, ಮೂರನೆಯದೊಂದು ಹೇಳಿದರು. ‘ಆವತ್ತು ನಮ್ಮಪ್ಪ ಸ್ಟುಡಿಯೊಗೆ ಬಂದಿದ್ದರು. ಇಂಥದ್ದಕ್ಕೆಲ್ಲ ಬರುವವರೇ ಅಲ್ಲ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಿದ್ದರು.’

ಮೂರರಲ್ಲಿ ಯಾವುದು ನಿಜ ಎಂದು ನಾನು ಕೇಳಲಿಲ್ಲ. ಮೂರೂ ನಿಜವಿರಬಹುದು, ಬೋಂಡದ ವಾಸನೆ ಬರುವಾಗ ಅಪ್ಪ ಬಾಗಿಲಲ್ಲಿ ನಿಲ್ಲಬಾರದೆಂದೇನಿಲ್ಲ. ಆದರೆ ನೋಡಿ, ಡಾಬಿನ ಒಡತಿ, ಬೋಂಡ, ಅಪ್ಪ, ಈ ಮೂವರಲ್ಲಿ ಒಬ್ಬರೂ ಫೋಟೊದಲ್ಲಿಲ್ಲ. ಫೋಟೊದಲ್ಲಿರುವುದು ಒಂಚೂರು ಎಡಕ್ಕೆ ಹೊರಳಿದ ಕಣ್ಣು ಮಾತ್ರ. ಭಾವ ಅಲ್ಲಿದೆ, ಅದರ ಕಾರಣ ಚೌಕಟ್ಟಿನ ಆಚೆಗಿದೆ.

ಚೌಕಟ್ಟಿನ ಒಳಗಿದ್ದವರನ್ನೂ ಆಚೆಗೆ ಕಳಿಸಿದ ಫೋಟೊಗಳುಂಟು. ಮನೆತನದ ಗ್ರೂಪ್ ಫೋಟೊದಲ್ಲಿ ಒಂದು ಮುಖ ಮಾತ್ರ ಬ್ಲೇಡಿನಿಂದ ಗುಂಡಗೆ ಕತ್ತರಿಸಿ ತೆಗೆದಿರುತ್ತದೆ, ಅಥವಾ ಗುಂಡುಸೂಜಿಯಿಂದ ಗೀಚಿರುತ್ತದೆ. ದೇಹ ಕೋಟು ಹಾಕಿಕೊಂಡು, ಮಂಡಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಿದೆ. ಇದರ ಕಥೆಯನ್ನು ಯಾರೂ ಒಂದೇ ಸಲಕ್ಕೆ ಹೇಳುವುದಿಲ್ಲ. ‘ಅದು ಬಿಡು’ ಎಂದು ಹಾಳೆ ಮಗುಚುತ್ತಾರೆ. ಮಗುಚುವ ಅವಸರ ನೋಡಿದರೆ ಸಾಕು, ಜಮೀನಿನ ಭಾಗವೋ, ಹೇಳದೆ ಮಾಡಿಕೊಂಡ ಮದುವೆಯೋ ಎಂದು ಅಂದಾಜಾಗುತ್ತದೆ. ಇಡೀ ಆಲ್ಬಮ್ಮಿನಲ್ಲಿ ಅತಿ ಹೆಚ್ಚು ಭಾವ ತುಂಬಿದ ಮುಖ ಆ ತೂತು.

ಮನುಷ್ಯನ ಆಕಾರ ಮೊಟ್ಟಮೊದಲು ಬಿದ್ದದ್ದೆಂದು ಹೇಳುವ ಫೋಟೊದಲ್ಲೂ ಇಂಥದೇ ಗೈರುಹಾಜರಿ. 1838ರಲ್ಲಿ ಫ್ರಾನ್ಸಿನ ಡಾಗೇರ್ ತನ್ನ ಕಿಟಕಿಯಿಂದ ಪ್ಯಾರಿಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದ. ಹಗಲು ಹೊತ್ತು, ಬೀದಿಯ ತುಂಬ ಗಾಡಿ, ಕುದುರೆ, ಜನ. ಆದರೆ ಆಗಿನ ಕ್ಯಾಮೆರಾದೊಳಗಿನ ತಗಡು ಬೆಳಕನ್ನು ಹೀರಿಕೊಳ್ಳುವುದಕ್ಕೆ ಕೆಲವು ನಿಮಿಷಗಳೇ ಬೇಕಿತ್ತು. ಅಷ್ಟು ಹೊತ್ತು ಅಲುಗಾಡದೆ ನಿಂತವರು ಮಾತ್ರ ಅದರಲ್ಲಿ ಉಳಿಯುತ್ತಿದ್ದರು. ಅವಸರದಲ್ಲಿದ್ದವರೆಲ್ಲ ಅಳಿಸಿಹೋದರು. ಉಳಿದವನು ಮೂಲೆಯಲ್ಲಿ ಒಂದು ಕಾಲೆತ್ತಿಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನು. ಅವನ ಕಾಲ ಬಳಿ ಪಾಲಿಶ್ ಮಾಡುವವನ ಮಸುಕು ಆಕಾರವೂ ಇದೆ. ಕೈ ಆಡಿಸುತ್ತಿದ್ದನಲ್ಲ, ಅದಕ್ಕೇ ಮಸುಕು. ದುಡಿಯುವವನು ಮಸುಕು, ದುಡಿಸಿಕೊಳ್ಳುವವನು ಸ್ಪಷ್ಟ. ಫೋಟೊಗ್ರಫಿ ಹುಟ್ಟಿದ ಕೂಡಲೇ ಲೋಕದ ರೀತಿಯನ್ನು ಕಲಿತುಬಿಟ್ಟಿತ್ತು.

ಹಂಪೆಗೂ ಇದೇ ಆಯಿತು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಕಂಪನಿ ಸೈನ್ಯದ ಅಧಿಕಾರಿ 1856ರಲ್ಲಿ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ವಿಜಯನಗರದ ಗುಡಿ ಗೋಪುರಗಳನ್ನು ಹಿಡಿದಿಟ್ಟ. ಕಲ್ಲು ಅಲುಗುವುದಿಲ್ಲ, ಚೆನ್ನಾಗಿಯೇ ಬಂದಿದೆ. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಎಲ್ಲಿ ಕಂಬ ಬಿತ್ತು, ಎಲ್ಲಿ ಗಿಡ ಬೆಳೆಯಿತು, ಯಾವುದನ್ನು ಎತ್ತಿ ನಿಲ್ಲಿಸಿದರು ಎಂದೆಲ್ಲ ಲೆಕ್ಕ ಸಿಗುತ್ತದೆ. ಪುರಾತತ್ವದವರಿಗೆ ಅದು ನಿಧಿ. ನನ್ನ ಕಣ್ಣು ಮಾತ್ರ ಆ ಹಳೆಯ ಚಿತ್ರಗಳಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವ ಹುಡುಗನನ್ನು ಹುಡುಕುತ್ತಿರುತ್ತದೆ. ಅವನು ಹಾದುಹೋಗಿದ್ದರೂ ಸಿಕ್ಕಿಬೀಳುವಷ್ಟು ಹೊತ್ತು ನಿಂತಿರಲಾರ.

ಇನ್ನು ಎಲ್ಲರೂ ನೋಡಿರುವ ಒಂದು ಮುಖಕ್ಕೆ ಬರೋಣ. 1936ರ ಮಾರ್ಚಿನಲ್ಲಿ ಡೊರೊಥಿಯಾ ಲಾಂಗ್ ಎಂಬಾಕೆ ಅಮೆರಿಕದ ಸರ್ಕಾರಕ್ಕಾಗಿ ಬಡ ಕೂಲಿಗಳ ಚಿತ್ರ ತೆಗೆಯುತ್ತ ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿಗೆ ಬಂದಳು. ಬಟಾಣಿ ಬೆಳೆ ಮಂಜಿಗೆ ಹಾಳಾಗಿ ಕೂಲಿಯಿಲ್ಲದೆ ಕೂತಿದ್ದ ಜನ. ಹರಕು ಡೇರೆಯೊಂದರಲ್ಲಿ ಒಬ್ಬ ತಾಯಿ. ಎರಡು ಮಕ್ಕಳು ಎರಡು ಭುಜಕ್ಕೆ ಮುಖ ಹುದುಗಿಸಿವೆ, ಕೂಸೊಂದು ತೊಡೆಯ ಮೇಲಿದೆ, ಕೈ ಗಲ್ಲದ ಹತ್ತಿರ. ಲಾಂಗ್ ಕೆಲವೇ ಚಿತ್ರ ತೆಗೆದಳು. ಆಕೆಯ ಹೆಸರು ಕೇಳಲಿಲ್ಲ, ಹಿಂದುಮುಂದು ವಿಚಾರಿಸಲಿಲ್ಲ. ಇದನ್ನು ಲಾಂಗ್ ತಾನೇ ಬರೆದಿದ್ದಾಳೆ. ಚಿತ್ರ ಪತ್ರಿಕೆಯಲ್ಲಿ ಬಂತು, ಆ ಶಿಬಿರಕ್ಕೆ ಸರ್ಕಾರ ಆಹಾರ ಕಳಿಸಿತು. ಅಷ್ಟರಲ್ಲಿ ಈ ಸಂಸಾರ ಅಲ್ಲಿಂದ ಹೊರಟುಹೋಗಿತ್ತು. ‘ವಲಸೆಗಾತಿ ತಾಯಿ’ ಎಂದು ಹೆಸರಾದ ಆ ಚಿತ್ರ ಮುಂದೆ ಅಂಚೆಚೀಟಿಯೂ ಆಯಿತು, ಪಠ್ಯಪುಸ್ತಕವೂ ಆಯಿತು. ಇಡೀ ಆರ್ಥಿಕ ಕುಸಿತದ ಕಾಲಕ್ಕೆ ಅದೊಂದೇ ಮುಖ ಸಾಕು ಎಂದರು.

ಆ ಮುಖದ ಒಡತಿ ಬಾಯಿಬಿಟ್ಟದ್ದು 1978ರಲ್ಲಿ, ಪತ್ರಕರ್ತನೊಬ್ಬ ಹುಡುಕಿಕೊಂಡು ಬಂದಾಗ. ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್. ಅಮೆರಿಕದ ಮೂಲನಿವಾಸಿಗಳಾದ ಚೆರೊಕಿ ಜನಾಂಗದವಳು, ಚಿತ್ರ ನೋಡಿದ ಯಾರೂ ಇದನ್ನು ಊಹಿಸಿರಲಿಲ್ಲ. ಆ ಚಿತ್ರ ತೆಗೆಯದಿದ್ದರೆ ಚೆನ್ನಾಗಿತ್ತು, ತನಗೆ ಅದರಿಂದ ಬಿಡಿಗಾಸೂ ಸಿಗಲಿಲ್ಲ ಎಂದಳು. ಊಟಕ್ಕಾಗಿ ಕಾರಿನ ಟೈರು ಮಾರಿದ್ದರು ಎಂದು ಲಾಂಗ್ ಬರೆದದ್ದನ್ನು ಮನೆಯವರು ಒಪ್ಪಲಿಲ್ಲ. ಟೈರು ಮಾರಿದ್ದರೆ ಅಲ್ಲಿಂದ ಹೊರಟದ್ದು ಹೇಗೆ ಎಂಬುದು ನ್ಯಾಯವಾದ ಪ್ರಶ್ನೆಯೇ. ನಲವತ್ತು ವರ್ಷ ಜಗತ್ತು ಆ ಮುಖಕ್ಕೆ ತನಗೆ ಬೇಕಾದ ಕಥೆ ಹೇಳುತ್ತ ಬಂದಿತ್ತು. ಅತ್ತೆಯನ್ನು ಕೇಳದೆಯೇ ಆಲ್ಬಂ ವಿವರಿಸಿದಂತಾಯಿತು. ಆದರೂ ಚಿತ್ರ ಸುಳ್ಳೆಂದು ನಾನು ಹೇಳುವುದಿಲ್ಲ. 1983ರಲ್ಲಿ ಥಾಮ್ಸನ್ ಹಾಸಿಗೆ ಹಿಡಿದಾಗ ಮಕ್ಕಳು ನೆರವು ಕೇಳಿದರು. ಎಲ್ಲೆಲ್ಲಿಂದಲೋ ದುಡ್ಡು ಬಂತು, ಅದರ ಜೊತೆ ಕಾಗದಗಳು ಬಂದವು. ಆ ಕಾಗದ ಓದಿದ ಮೇಲೆಯೇ ಮಕ್ಕಳಿಗೆ ಆ ಫೋಟೊದ ಮೇಲಿದ್ದ ಸಿಟ್ಟು ಇಳಿದದ್ದು. ಇನ್ನೊಂದು ಮಾತು: ಮೂಲ ಚಿತ್ರದ ಬಲ ಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳು ಇತ್ತು. ಅಂದ ಕೆಡುತ್ತದೆಂದು ಲಾಂಗ್ ಅದನ್ನು ನೆಗೆಟಿವ್‌ನಲ್ಲಿ ತಿದ್ದಿಸಿಬಿಟ್ಟಳು. ನನಗೆ ಆ ಹೆಬ್ಬೆರಳು ಬೇಕಿತ್ತು.

ಕೇಳುವುದಕ್ಕೆ ಯಾರೂ ಉಳಿಯದ ಫೋಟೊವೂ ಇದೆ. ಭೋಪಾಲದಲ್ಲಿ 1984ರ ಡಿಸೆಂಬರಿನ ಆ ರಾತ್ರಿ ವಿಷಗಾಳಿ ಬೀಸಿದ ಮೇಲೆ, ಮಣ್ಣು ಮಾಡುತ್ತಿದ್ದ ಒಂದು ಮಗುವಿನ ಚಿತ್ರವನ್ನು ರಘು ರಾಯ್ ತೆಗೆದರು. ಪಾಬ್ಲೊ ಬಾರ್ತಲೊಮಿಯೊ ಕೂಡ ತೆಗೆದರು. ಕಣ್ಣು ತೆರೆದೇ ಇದೆ, ಮಣ್ಣಿನ ನಡುವೆ ಮುಖವಷ್ಟೇ ಕಾಣುತ್ತದೆ, ಮೇಲೊಂದು ಕೈ. ಆ ಮಗು ಗಂಡೋ ಹೆಣ್ಣೋ, ಹೆಸರೇನು, ಹೇಳುವುದಕ್ಕೆ ಯಾರೂ ಬರಲಿಲ್ಲ. ಈ ಚಿತ್ರದ ಮುಂದೆ ನಿಂತು ಕಲೆ, ಚೌಕಟ್ಟು, ಬೆಳಕು ಎಂದು ಮಾತಾಡುವವರನ್ನು ಕಂಡರೆ ನನಗೆ ಎದ್ದು ಹೋಗಬೇಕೆನಿಸುತ್ತದೆ.

ಹಾಗಾದರೆ ಕ್ಯಾಮೆರಾ ಹಿಡಿದವರ ಕಸುಬಿಗೆ ಬೆಲೆಯೇ ಇಲ್ಲವೆ? ಇದೆ, ಬೇಕಾದಷ್ಟಿದೆ. ನೋಡಿದವರು ‘ಆಮೇಲೆ?’ ಎಂದು ಕೇಳುವ ಹಾಗೆ ಏನನ್ನಾದರೂ ಚಿತ್ರದಲ್ಲಿ ಉಳಿಸಿಡುವುದೇ ಆ ಕಸುಬು. ಮೈಸೂರಿನ ಟಿ. ಎಸ್. ಸತ್ಯನ್ ಅವರಿಗೆ ಅದು ಗೊತ್ತಿತ್ತು. 1923ರಲ್ಲಿ ಹುಟ್ಟಿದವರು, 1948ರಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಅದರಲ್ಲಿ ಕೆಲಸಕ್ಕೆ ಸೇರಿದವರು, ಆಮೇಲೆ ದೇಶವೆಲ್ಲ ಸುತ್ತಿ ಯುನಿಸೆಫ್‌ಗೂ ವಿಶ್ವ ಆರೋಗ್ಯ ಸಂಸ್ಥೆಗೂ ಚಿತ್ರ ತೆಗೆದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನ ಕಂಡವು. ಮಂತ್ರಿಗಳು, ರಾಜರು, ದೊಡ್ಡ ದೊಡ್ಡ ಸಮಾರಂಭಗಳು ಎಲ್ಲ ಅವರ ಕ್ಯಾಮೆರಾಕ್ಕೆ ಬಿದ್ದದ್ದುಂಟು. ಆದರೆ ಮನಸ್ಸಿನಲ್ಲಿ ನಿಲ್ಲುವುದು ಕಪ್ಪುಬಿಳುಪಿನ ಸಾಮಾನ್ಯ ಜನ, ಅದರಲ್ಲೂ ಮಕ್ಕಳು. ಆ ಮಕ್ಕಳು ನಮ್ಮ ಕನಿಕರಕ್ಕಾಗಿ ಕಾದು ನಿಂತವರಲ್ಲ. ತಮ್ಮ ಪಾಡಿಗೆ ತಾವು ಏನೋ ಗಹನವಾದ ಕೆಲಸದಲ್ಲಿರುತ್ತಾರೆ. ಸತ್ಯನ್ ಅಲ್ಲಿ ಇರುವುದೇ ಅವರಿಗೆ ಮರೆತುಹೋಗಿದೆ. ಹಾಗೆ ಮರೆಸುವುದು ಲೆನ್ಸಿನಿಂದ ಆಗುವ ಕೆಲಸವಲ್ಲ, ಹೊತ್ತು ಬೇಕು, ಮಾತು ಬೇಕು. ಇಷ್ಟೆಲ್ಲ ಚಿತ್ರ ತೆಗೆದ ಮೇಲೂ ಅವರು ಇಂಗ್ಲಿಷಿನಲ್ಲಿ ‘ಅಲೈವ್ ಅಂಡ್ ಕ್ಲಿಕಿಂಗ್’, ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಎಂದು ತಮ್ಮ ನೆನಪುಗಳನ್ನು ಬರೆದರು. ಚಿತ್ರವೇ ಎಲ್ಲವನ್ನೂ ಹೇಳಿಬಿಡುವುದಾಗಿದ್ದರೆ ಬರೆಯುವ ಕಷ್ಟ ಅವರಿಗೇಕೆ?

ನಮ್ಮಂಥ ಸಾಮಾನ್ಯರ ಮನೆಗಳಲ್ಲಿ ಆ ಕಸುಬು ಅಕಸ್ಮಾತ್ತಾಗಿ ನಡೆಯುತ್ತಿತ್ತು. ಅಗ್ಫಾ ಕ್ಲಿಕ್ ಥ್ರೀ ಎಂಬ ಡಬ್ಬಿ ಕ್ಯಾಮೆರಾ ಇದ್ದವರಿಗೆ ಗೊತ್ತು, ಒಂದು ರೋಲಿಗೆ 12 ಫೋಟೊ. ನಾಮಕರಣಕ್ಕೆ ಇಷ್ಟು, ಪ್ರವಾಸಕ್ಕೆ ಇಷ್ಟು ಎಂದು ಎಣಿಸಿ ಎಣಿಸಿ ತೆಗೆದ ಮೇಲೆ ಕೊನೆಗೆ ಒಂದೋ ಎರಡೋ ಉಳಿದುಬಿಡುತ್ತಿತ್ತು. ರೋಲು ಮುಗಿಯದೆ ತೊಳೆಯಲು ಕೊಡುವಂತಿಲ್ಲ. ‘ಏನಾದರೂ ತೆಗೆದು ಮುಗಿಸು’ ಎನ್ನುತ್ತಿದ್ದರು. ಹಾಗೆ ಕ್ಲಿಕ್ಕಿಸಿದ್ದು ಹಸು, ತುಳಸಿಕಟ್ಟೆ, ಹಿತ್ತಿಲ ಬಾವಿಕಟ್ಟೆಯಲ್ಲಿ ಕೊಡ ಇಟ್ಟು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿರುವ ಅಜ್ಜಿ. ನಾಮಕರಣದ ಫೋಟೊಗಳಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಇಂದು ತೆಗೆದು ನೋಡಿದರೆ ಗಂಟಲು ಕಟ್ಟುವುದು ಆ ಬಾವಿಕಟ್ಟೆಯದಕ್ಕೆ.

ಈಗಿನ ಮದುವೆಗಳಲ್ಲಿ ಆ ಅಕಸ್ಮಾತ್ತನ್ನೂ ಪ್ಯಾಕೇಜಿನಲ್ಲಿ ಸೇರಿಸಿದ್ದಾರೆ. ‘ಟ್ರೆಡಿಷನಲ್‌ಗೆ ಒಬ್ಬರು, ಕ್ಯಾಂಡಿಡ್‌ಗೆ ಒಬ್ಬರು ಬರ್ತಾರೆ ಸಾರ್’ ಎಂದು ಮೊದಲೇ ಹೇಳಿರುತ್ತಾರೆ. ಟ್ರೆಡಿಷನಲ್‌ನವರು ಪುರೋಹಿತರನ್ನು ತಡೆದು ತಾಳಿಯನ್ನು ಇನ್ನೊಂದ್ಸಲ ಎತ್ತಿ ಹಿಡಿಸುತ್ತಾರೆ. ಕ್ಯಾಂಡಿಡ್‌ನವರು ವಧುವಿನ ತಾಯಿಯ ಕಣ್ಣನ್ನೇ ಕಾಯುತ್ತ, ನೀರು ಇಣುಕಿದ ಕೂಡಲೇ ಹಾರುತ್ತಾರೆ. ಧಾರೆಯ ಹೊತ್ತಿಗೆ ಇವರೆಲ್ಲ ಮಂಟಪದ ಮುಂದೆ ಗೋಡೆ ಕಟ್ಟಿ ನಿಂತಿರುವುದರಿಂದ ನಾವು ಎಸೆದ ಅಕ್ಷತೆಯೆಲ್ಲ ಫೋಟೊಗ್ರಾಫರರ ಬೆನ್ನಿಗೆ. ಎಷ್ಟು ದಂಪತಿಗಳ ಆಶೀರ್ವಾದವನ್ನು ಅವರೇ ಹೊತ್ತುಕೊಂಡು ಹೋಗಿದ್ದಾರೋ. ಮದುವೆಗೆ ಮುಂಚೆ ಇನ್ನೊಂದು ಶೂಟಿಂಗು. ಕೆರೆಯ ದಂಡೆಯಲ್ಲಿ ಹೊಗೆ ಬಿಟ್ಟು, ಮೇಲೆ ಡ್ರೋನ್ ಹಾರಿಸಿ, ‘ಸಾರ್, ಸ್ವಲ್ಪ ಫೀಲ್ ಕೊಡಿ’ ಎಂದು ಕೂಗುತ್ತಾರೆ. ಪಾಪ, ಆ ಹುಡುಗ ಎಲ್ಲಿಂದ ಕೊಡಬೇಕು? ಬಿಸಿಲಿಗೆ ಶೇರ್ವಾನಿಯೊಳಗೆ ಬೆವರುತ್ತಿರುತ್ತಾನೆ. ಅವನ ನಿಜವಾದ ಫೀಲ್ ಅದೇ. ಅದನ್ನು ಎಡಿಟಿಂಗ್‌ನಲ್ಲಿ ತೆಗೆದುಹಾಕುತ್ತಾರೆ. ಚಿತ್ರಗಳು ಚೆನ್ನಾಗಿಲ್ಲವೆಂದಲ್ಲ, ಬಲು ಚೆನ್ನಾಗಿರುತ್ತವೆ. ಆದರೆ ಯಾರೂ ಯಾರನ್ನೂ ಏನನ್ನೂ ಕೇಳುವ ಹಾಗಿರುವುದಿಲ್ಲ.

ಗೋಡೆಯ ಮೇಲಿನ ದೊಡ್ಡ ಫೋಟೊದ ಕಥೆ ಇದಕ್ಕಿಂತ ಕಷ್ಟ. ಮನೆಯಲ್ಲಿ ಹಿರಿಯರು ತೀರಿಕೊಂಡ ದಿನ ಎಲ್ಲರೂ ಫೋಟೊ ಹುಡುಕುತ್ತಾರೆ. ಒಂಟಿಯಾಗಿ, ಮುಖ ಸ್ಪಷ್ಟವಾಗಿ ಇರುವುದು ಯಾವುದೋ ಸರ್ಕಾರಿ ಕಾರ್ಡಿನದು ಮಾತ್ರ. ಅದನ್ನೇ ದೊಡ್ಡದು ಮಾಡಿಸಬೇಕು. ಸ್ಟುಡಿಯೊದಲ್ಲಿ ‘ಕೋಟ್ ಹಾಕಬೇಕಾ, ಶಲ್ಯ ಸಾಕಾ?’ ಎಂದು ಕೇಳಿ ಒಂದೆರಡು ಗಂಟೆಯಲ್ಲಿ ಕೊಡುತ್ತಾರೆ. ಬದುಕಿಡೀ ಕೇರಿಯನ್ನೆಲ್ಲ ನಗಿಸಿದ ಮನುಷ್ಯ ತಾನು ಎಂದೂ ತೊಡದ ಕೋಟು ತೊಟ್ಟು, ಲೈಸೆನ್ಸ್ ಮಾಡಿಸಲು ಹೋಗಿದ್ದ ದಿನದ ಬಿಗಿಮುಖದಲ್ಲಿ ಗಂಧದ ಹಾರ ಹಾಕಿಸಿಕೊಂಡು ನಿಂತುಬಿಡುತ್ತಾನೆ. ಮೊಮ್ಮಕ್ಕಳು ‘ತಾತ ತುಂಬ ಸ್ಟ್ರಿಕ್ಟಾ?’ ಎಂದು ಕೇಳಿದರೆ ತಪ್ಪು ಅವರದಲ್ಲ.

ಮೊಬೈಲಿನಲ್ಲಿ ಈಗ ನಗುವ ಫೋಟೊಗಳಿಗೆ ಬರವಿಲ್ಲ. ದಿನಾಂಕ, ಹೊತ್ತು, ಕೆಲವು ಸಲ ಊರಿನ ಗುರುತು ಕೂಡ ಅದೇ ಬರೆದುಕೊಳ್ಳುತ್ತದೆ. ಪಕ್ಕದಲ್ಲಿ ನಿಂತವರು ಯಾರು, ಅತ್ತೆ ಎಡಕ್ಕೇಕೆ ನೋಡಿದರು ಎಂಬುದನ್ನು ಮಾತ್ರ ಅದು ಬರೆದುಕೊಳ್ಳುವುದಿಲ್ಲ. ಹಳೆಯ ಶಾಲಾ ಗ್ರೂಪ್ ಫೋಟೊಗಳೇ ಈ ವಿಷಯದಲ್ಲಿ ವಾಸಿ. ಕೆಳಗೆ ರಟ್ಟಿನ ಮೇಲೆ ‘ಎಡದಿಂದ ಬಲಕ್ಕೆ, ನಿಂತವರು’ ಎಂದು ಶುರುಮಾಡಿ, ನೆಲದ ಮೇಲೆ ಕೂತವರವರೆಗೆ, ಕೊನೆಗೆ ಜವಾನನ ಹೆಸರನ್ನೂ ಬಿಡದೆ ಅಚ್ಚು ಹಾಕಿಸುತ್ತಿದ್ದರು. ಗೈರುಹಾಜರಾದವರ ಹೆಸರಿಗೂ ಒಂದು ಸಾಲು ಇರುತ್ತಿತ್ತು.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಯಾರಾದರೂ ಇದ್ದರೆ ಬರುವ ಭಾನುವಾರ ಬೀರುವಿನಿಂದ ಆ ಆಲ್ಬಂ ಇಳಿಸಿ ಅವರ ಮುಂದಿಡಿ. ಫೋಟೊದ ಹಿಂಬದಿಯಲ್ಲಿ ಬರೆಯುವುದಕ್ಕೆ ಕೈಯಲ್ಲಿ ಒಂದು ಮೆತ್ತನೆಯ ಪೆನ್ಸಿಲ್ ಇರಲಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ, ಶಾಯಿ ಹರಡುತ್ತದೆ. ಅಂಟು ಹಾಳೆಯ ಆಲ್ಬಂ ಆಗಿದ್ದರೆ ಫೋಟೊವನ್ನು ಕಿತ್ತು ತೆಗೆಯಲು ಹೋಗಬೇಡಿ, ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅವರು ಹೇಳಿದ ಹೆಸರು, ಸಂಬಂಧ, ಊರು ಬರೆದುಕೊಳ್ಳಿ. ಒಂದೇ ಫೋಟೊಗೆ ಮೂರು ಕಥೆ ಹೇಳಿದರೆ ಮೂರನ್ನೂ ಬರೆದುಕೊಳ್ಳಿ, ಜಗಳ ತೆಗೆಯಬೇಡಿ. ಮುಂದಿನ ವರ್ಷ ನೋಡೋಣ ಎನ್ನಬೇಡಿ.